ಹೆಲ್ಮೆಟ್ಟಿನ ಮೇಲೊಂದು ಸರ್ಕಾರ

ನೀರು ಸರಬರಾಜು ಕಚೇರಿಯ ದೂರು ವಿಭಾಗದ ಗುಮಾಸ್ತರು ಹದಿನೆಂಟು ವರ್ಷಗಳಿಂದ ಒಂದೇ ಸೈಕಲ್ಲಿನಲ್ಲಿ, ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ಆಫೀಸಿಗೆ ಹೋಗಿ ಬರುತ್ತಿದ್ದರು. ಇಷ್ಟು ವರ್ಷ ಅವರನ್ನು ಯಾರೂ ಗಮನಿಸಲಿಲ್ಲ ಎಂದರೆ ತಪ್ಪಾಗುತ್ತದೆ. ಬೀದಿನಾಯಿಗಳು ಗಮನಿಸುತ್ತಿದ್ದವು. ಮನುಷ್ಯರ ಪೈಕಿ ಮಾತ್ರ, ಬಸ್ಸಿನವನಿಗಾಗಲಿ ಕಾರಿನವನಿಗಾಗಲಿ, ರಸ್ತೆಯಲ್ಲಿ ಇಂಥದೊಂದು ಜೀವ ಪೆಡಲ್ ತುಳಿಯುತ್ತಿದೆ ಎಂಬ ಸುಳಿವೇ ಇರಲಿಲ್ಲ.

ಒಂದು ದಿನ ನಿಂತಿದ್ದ ಕಾರಿನ ಬಾಗಿಲು ಫಟ್ಟನೆ ತೆರೆದುಕೊಂಡಿತು. ಗುಮಾಸ್ತರು ಸೈಕಲ್ ಸಮೇತ ಚರಂಡಿಯ ಅಂಚಿಗೆ ಬಿದ್ದರು. ಕಾರಿನಿಂದ ಇಳಿದವನು ಮೊದಲು ತನ್ನ ಬಾಗಿಲನ್ನು ತಡವಿ ನೋಡಿದ.

"ಕಣ್ಣು ಕಾಣಲ್ವೇನ್ರೀ? ನೋಡಿ ಇಲ್ಲಿ, ಗೀರು ಬಿದ್ದಿದೆ!"

ಗುಮಾಸ್ತರು ಬಿದ್ದಲ್ಲಿಂದಲೇ ಕ್ಷಮೆ ಕೇಳಿದರು. ಅಷ್ಟಕ್ಕೆ ನಿಲ್ಲಿಸಿದ್ದರೂ ಆಗುತ್ತಿತ್ತು. ಎದ್ದು ನಿಂತು, ತಮ್ಮ ಕರವಸ್ತ್ರದಿಂದ ಆ ಗೀರನ್ನು ಒರೆಸಿಕೊಟ್ಟು, ಕುಂಟುತ್ತಾ ಮನೆಗೆ ಬಂದರು.

ಹೆಂಡತಿ ಮೊಣಕಾಲಿಗೆ ಮುಲಾಮು ಹಚ್ಚುತ್ತಾ ಕೇಳಿದಳು. "ಬಾಗಿಲು ತೆಗೆದವನು ಅವನು. ಕ್ಷಮೆ ಕೇಳಿದವರು ನೀವಾ?"

"ಸಾಕ್ಷಿ ಯಾರೂ ಇರ್ಲಿಲ್ಲ ಕಣೇ."

"ನೀವಿದ್ರಲ್ಲ!"

"ನಾನಿದ್ದೆ. ಆದ್ರೆ ನನ್ನ ಮಾತು ಯಾರು ನಂಬ್ತಾರೆ?"

ಹೆಂಡತಿ ಮುಲಾಮಿನ ಮುಚ್ಚಳ ತಿರುಗಿಸಿ ಹಾಕಿದಳು. ಅವರು ಹೇಳಿದ್ದು ನಿಜವಾಗಿತ್ತು.

ಮರುದಿನವೇ ಗುಮಾಸ್ತರು ಕ್ಯಾಮೆರಾ ಅಂಗಡಿಗೆ ಹೋದರು. ಸೈಕಲ್ಲಿನವರು ತಲೆಯ ಮೇಲೆ ಸಿಕ್ಕಿಸಿಕೊಳ್ಳುವ ಆ್ಯಕ್ಷನ್ ಕ್ಯಾಮೆರಾ ಬೇಕು, ಆದರೆ ಅಗ್ಗದ್ದು ಬೇಕು ಎಂದರು. ಅಂಗಡಿಯವನು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದೊಂದು ಕರಿಯ ಡಬ್ಬಿಯನ್ನು ಅಂಗೈಯಲ್ಲಿಟ್ಟುಕೊಂಡು ಬಂದ.

"ದೊಡ್ಡ ಕಂಪನಿ ಕ್ಯಾಮೆರಾಕ್ಕೆ ಇದು ಚಿಕ್ಕಪ್ಪನ ಮಗ ಇದ್ದ ಹಾಗೆ ಸಾರ್. ಮುಖ ಅದೇ, ಹೆಸರು ಬೇರೆ. ನೀರಲ್ಲಿ ಮುಳುಗಿಸಿ, ಏನೂ ಆಗಲ್ಲ. ನೀವು ಮಾತಾಡ್ತಾ ಹೋದ್ರೆ ಮಾತೂ ಅದರಲ್ಲಿ ಸೇರ್ಕೊಳ್ಳುತ್ತೆ. ಬ್ಯಾಟರಿ ಒಂದೇ ಸ್ವಲ್ಪ ಬೇಗ ಸುಸ್ತಾಗುತ್ತೆ."

ನೀರಿನಲ್ಲಿ ಮುಳುಗಿಸಬಹುದು ಎಂದ ಮೇಲೆ ಮುಳುಗಿಸದೆ ಬಿಡುವ ಜಾತಿಯವರಲ್ಲ ಗುಮಾಸ್ತರು. ನೀರು ಸರಬರಾಜಿನ ನೌಕರರು ಬೇರೆ. ಬೆಳಗ್ಗೆ ಬಚ್ಚಲುಮನೆಯಲ್ಲಿ ಬಕೆಟ್ಟಿನ ಮುಂದೆ ಮಂಡಿಯೂರಿ, ನೀರಿನೊಳಗಿದ್ದ ಕ್ಯಾಮೆರಾಕ್ಕೆ ಕೈಮುಗಿದು, "ನಮಸ್ಕಾರ ವೀಕ್ಷಕರೇ" ಎಂದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಮೆಲ್ಲಗೆ ಹಿಂದೆ ಸರಿದು ಅಡುಗೆಮನೆಗೆ ಹೋದರು.

"ಮಗಳೇ, ಗಾಬರಿ ಆಗ್ಬೇಡ. ಅಳಿಯಂದ್ರು ಬಕೆಟ್ ಜೊತೆ ಮಾತಾಡ್ತಿದ್ದಾರೆ. ಮೊನ್ನೆ ಬಿದ್ದಾಗ ಮೊಣಕಾಲಿಗೆ ಮಾತ್ರ ಪೆಟ್ಟಾಗಿದೆ ಅಂದಿದ್ರಲ್ಲ?"

ಹೀಗೆ ಸಕಲ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಕ್ಯಾಮೆರಾ ಹೊಸ ಹೆಲ್ಮೆಟ್ಟಿನ ನೆತ್ತಿಯ ಮೇಲೆ ಕುಳಿತಿತು. ಅದರ ಮೂತಿಯಲ್ಲೊಂದು ಕೆಂಪು ದೀಪ ಮಿಣುಕ್ ಮಿಣುಕ್ ಎನ್ನುತ್ತಿತ್ತು. ಹೆಲ್ಮೆಟ್ ಜಾರಬಾರದೆಂದು ಹೆಂಡತಿ ಗಲ್ಲದ ಪಟ್ಟಿಯನ್ನು ಎಷ್ಟು ಬಿಗಿಯಾಗಿ ಕಟ್ಟಿದಳೆಂದರೆ ಗುಮಾಸ್ತರ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ಅಂಟಿಕೊಂಡಿತು. ಬಾಯಿಂದ ಹೊರಡುತ್ತಿದ್ದದ್ದು ಒಂದೇ ಶಬ್ದ. ಮುಂದೆ ನಡೆದದ್ದಕ್ಕೆಲ್ಲ ಆ ಪಟ್ಟಿಯೇ ಮೂಲ.

ಬೀದಿಯ ತುದಿಯಲ್ಲಿ ನಿವೃತ್ತ ಹೆಡ್‌ಮಾಸ್ತರು ಕಸದ ಚೀಲ ಹಿಡಿದು, ಅದನ್ನು ಎಸೆಯಲು ಪಕ್ಕದ ಬೀದಿಯ ಮೂಲೆಯತ್ತ ಕೈ ಬೀಸಿದ್ದರು. ಕೆಂಪು ದೀಪ ಕಂಡದ್ದೇ ಬೀಸಿದ ಕೈ ಅಲ್ಲೇ ನಿಂತಿತು. ಚೀಲ ಬೆನ್ನಿನ ಹಿಂದೆ ಹೋಯಿತು.

"ಏನ್ರೀ ಗುಮಾಸ್ತರೇ, ತಲೆ ಮೇಲೆ ಏನದು? ಕ್ಯಾಮೆರಾನಾ?"

"ಹೂಂ."

"ಬೀದಿಯಲ್ಲಿ ನಡೆಯೋದೆಲ್ಲ ಬರುತ್ತಾ ಅದರಲ್ಲಿ?"

"ಹೂಂ."

ಹೆಡ್‌ಮಾಸ್ತರು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ದನಿ ತಗ್ಗಿಸಿದರು. "ಆಫೀಸಿಂದ ಕೊಟ್ಟಿದ್ದಾ? ಮೇಲಿಂದ ಆರ್ಡರ್ ಬಂದಿದೆಯಾ?"

ಅಯ್ಯೋ ಇಲ್ಲ ಮಾರಾಯರೇ, ನನ್ನದೇ, ಅಗ್ಗದ್ದು, ಎಂದು ಹೇಳಲು ಗುಮಾಸ್ತರು ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು. ಆ ಅಷ್ಟುದ್ದದ ವಾಕ್ಯ ಪಟ್ಟಿಯೊಳಗಿಂದ ನುಸುಳಿ ಬರುವಷ್ಟರಲ್ಲಿ "ಹೂಂ" ಆಗಿತ್ತು.

ಹೆಡ್‌ಮಾಸ್ತರು ಮೂವತ್ತು ವರ್ಷ ಪಾಠ ಹೇಳಿದವರು. ಒಂದು ವಿಷಯ ತಿಳಿದರೆ ಅದನ್ನು ತಮ್ಮಲ್ಲೇ ಇಟ್ಟುಕೊಳ್ಳುವುದು ಅವರಿಗೆ ಅಭ್ಯಾಸವಿಲ್ಲ. ಸಂಜೆಯೊಳಗೆ ಬೀದಿಗೆ ಬೀದಿಯೇ ಕಲಿತು ಮುಗಿಸಿತ್ತು. ಗುಮಾಸ್ತರನ್ನು ಸರ್ಕಾರ ಗುಟ್ಟಾಗಿ ರಸ್ತೆ ಪರಿವೀಕ್ಷಣೆಗೆ ನೇಮಿಸಿದೆ. ಅನುಮಾನ ಬರದಿರಲಿ ಎಂದೇ ಹಳೇ ಸೈಕಲ್ ಕೊಟ್ಟಿದೆ. ಹದಿನೆಂಟು ವರ್ಷದಿಂದ ಅವರು ತುಳಿಯುತ್ತಿದ್ದದ್ದು ಅದೇ ಸೈಕಲ್ ಎಂಬುದು ಯಾರಿಗೂ ನೆನಪಿರಲಿಲ್ಲ. ನೋಡಿದ್ದರೆ ತಾನೇ!

ಮರುದಿನದಿಂದ ರಸ್ತೆಯ ನಡವಳಿಕೆಯೇ ಬದಲಾಯಿತು. ಚೌಕದ ಪೊಲೀಸ್ ಪೇದೆ ಕಂಬಕ್ಕೆ ಒರಗಿ ಫೋನು ನೋಡುತ್ತಿದ್ದವನು, ಕೆಂಪು ದೀಪ ಕಾಣುತ್ತಲೇ ಫೋನನ್ನು ಟೋಪಿಯೊಳಗೆ ತುರುಕಿ ಸೀಟಿ ಊದಿದ. ಊದಿದ್ದು ಸಾಲದೆಂದು ಸೆಲ್ಯೂಟನ್ನೂ ಹೊಡೆದ. ಫೋನು ಟೋಪಿಯಿಂದ ಕೆಳಗೆ ಬಿತ್ತು. ಹಣ್ಣಿನ ಗಾಡಿಯವನು ಕಾಲುದಾರಿಯಿಂದ ಗಾಡಿಯನ್ನು ಹಿಂದಕ್ಕೆ ಎಳೆದುಕೊಂಡ. ಬಸ್ಸು ಬಸ್‌ಸ್ಟಾಪಿನಲ್ಲೇ ನಿಂತಿತು. ಇದನ್ನು ಕಂಡ ಪ್ರಯಾಣಿಕರು, ಬಸ್ಸು ಕೆಟ್ಟಿತೆಂದು ತಿಳಿದು ಇಳಿದುಬಿಟ್ಟರು.

ಗುಮಾಸ್ತರ ಎದೆ ದಿನಕ್ಕೆ ಬೆರಳಗಲ ಉಬ್ಬಿತು. ಹೆಂಡತಿ ಪಟ್ಟಿಯನ್ನು ಎರಡು ತೂತು ಸಡಿಲಿಸಿದ ಮೇಲಂತೂ ಬಾಯಿಗೂ ಬಿಡುಗಡೆಯಾಗಿ, ದಾರಿಯುದ್ದಕ್ಕೂ ವೀಕ್ಷಕರಿಗೆ ವಿವರಣೆ ಕೊಡತೊಡಗಿದರು. ವೀಕ್ಷಕರು ಯಾರೂ ಇರಲಿಲ್ಲ. ಇಲ್ಲದ ವೀಕ್ಷಕರ ಮುಂದೆ ಮನುಷ್ಯ ಎಷ್ಟು ಧೈರ್ಯವಾಗಿ ಮಾತಾಡಬಹುದೆಂಬುದು ಅವರಿಗೆ ಆಗಲೇ ಗೊತ್ತಾದದ್ದು. ಆಫೀಸಿನ ಸೂಪರಿಂಟೆಂಡೆಂಟರಿಗೆ ಕೊಡಬೇಕೆಂದು ವರ್ಷಗಟ್ಟಲೆ ಗಂಟಲಲ್ಲಿ ಕೂಡಿಟ್ಟಿದ್ದ ಉತ್ತರಗಳನ್ನೆಲ್ಲ ಸೈಕಲ್ಲಿನ ಮೇಲೆ ಕೊಟ್ಟರು. ಪ್ರಶ್ನೆಗಳನ್ನು ಸೂಪರಿಂಟೆಂಡೆಂಟರ ಧ್ವನಿಯಲ್ಲಿ ತಾವೇ ಕೇಳಿ, ಉತ್ತರವನ್ನು ತಮ್ಮ ಧ್ವನಿಯಲ್ಲಿ ತಾವೇ ಹೇಳಿ, ಚಪ್ಪಾಳೆಯ ಬದಲು ಬೆಲ್ ಬಾರಿಸಿಕೊಳ್ಳುತ್ತಿದ್ದರು.

ದಾರಿಯ ನಡುವೆ ಪೈಪು ಹಾಕಲೆಂದು ಅಗೆದು ಹನ್ನೊಂದು ತಿಂಗಳಿಂದ ಹಾಗೇ ಬಿಟ್ಟಿದ್ದ ದೊಡ್ಡ ಗುಂಡಿಯೊಂದಿತ್ತು. ಅದರ ಬಗ್ಗೆ ಬಂದ ದೂರುಗಳೆಲ್ಲ ಗುಮಾಸ್ತರ ಮೇಜಿನ ಮೇಲೇ ಇದ್ದವು. ಒಂದು ಬೆಳಗ್ಗೆ ಸರಿಯಾಗಿ ಆ ಗುಂಡಿಯ ಪಕ್ಕ ಕ್ಯಾಮೆರಾ ಆರಿತು. ಗುಮಾಸ್ತರು ಇಳಿದು, ಹೆಲ್ಮೆಟ್ ತೆಗೆದು, ಗುಂಡಿಯ ಕಡೆ ಮುಖ ಮಾಡಿ ನಿಂತು ಬ್ಯಾಟರಿ ಬದಲಿಸಿದರು. ಎದುರಿನ ನೆರಳಲ್ಲಿ ಕೂತಿದ್ದ ರಸ್ತೆ ಕಂಟ್ರಾಕ್ಟರು ಇದನ್ನು ನೋಡಿ ಬೆವತುಹೋದ. ಸಂಜೆ ಮನೆಗೇ ಬಂದ.

"ಸಾಹೇಬ್ರೇ, ಒಂದು ವಾರ ಟೈಮ್ ಕೊಡಿ."

"ಅಷ್ಟು ಹೊತ್ತು ಅದು ತಡೆಯಲ್ಲ," ಎಂದರು ಗುಮಾಸ್ತರು. ಅವರ ಮನಸ್ಸೆಲ್ಲ ಚಾರ್ಜಿಗೆ ಇಟ್ಟಿದ್ದ ಬ್ಯಾಟರಿಯ ಮೇಲಿತ್ತು.

"ಹಾಗಾದ್ರೆ ಮೂರು ದಿನ?"

"ನಲವತ್ತು ನಿಮಿಷದಲ್ಲಿ ಮುಗಿದೇ ಹೋಗುತ್ತೆ."

ಕಂಟ್ರಾಕ್ಟರು ಎದ್ದವನೇ ಓಡಿದ. ಮರುದಿನ ಮಧ್ಯಾಹ್ನದೊಳಗೆ ಗುಂಡಿ ಮುಚ್ಚಿ, ಮೇಲೆ ಡಾಂಬರು ಹಾಕಿ, ರೋಲರನ್ನೂ ಓಡಿಸಿ ಆಗಿತ್ತು.

"ನಿಜ ಹೇಳಿಬಿಡ್ರಿ," ಎಂದಳು ಹೆಂಡತಿ. "ಒಂದಲ್ಲ ಒಂದಿನ ಇದು ನಿಮ್ಮ ಕುತ್ತಿಗೆಗೇ ಬರುತ್ತೆ."

"ನಾನೇನು ಸುಳ್ಳು ಹೇಳಿದೀನಾ? ಬರೀ ಹೂಂ ಅಂದೆ."

"ಅವಳ ಮಾತು ಕಟ್ಕೊಂಡು ಕೆಲಸ ಬಿಡ್ಬೇಡಿ ಅಳಿಯಂದ್ರೇ," ಎಂದರು ಅತ್ತೆ. ಅವರು ಸರ್ಕಾರಿ ನೇಮಕವನ್ನು ಯಾವಾಗಲೋ ನಂಬಿಬಿಟ್ಟಿದ್ದರು. ಬಕೆಟ್ಟಿಗೆ ನಮಸ್ಕಾರ ಮಾಡಿದ್ದು ಪ್ರಮಾಣವಚನ ಎಂದು ಬೀದಿಯವರಿಗೆ ವಿವರಿಸಿದ್ದೂ ಅವರೇ.

ಸುದ್ದಿ ಆಫೀಸನ್ನೂ ಮುಟ್ಟಿತು. ಸೂಪರಿಂಟೆಂಡೆಂಟರು ಪ್ರತಿ ಮಾತನ್ನೂ "ನಾನು ಹೇಳೋದು ಇಷ್ಟೆ" ಎಂದು ಶುರುಮಾಡಿ ಅರ್ಧ ಗಂಟೆ ಹೇಳುವವರು. ಇಷ್ಟು ವರ್ಷ "ಏನಯ್ಯ" ಎನ್ನುತ್ತಿದ್ದವರು ಆ ದಿನ ಎದ್ದು ನಿಂತರು. "ನಾನು ಹೇಳೋದು ಇಷ್ಟೆ ಗುಮಾಸ್ತರೇ, ಮೊದಲು ಕೂತ್ಕೊಳ್ಳಿ," ಎಂದು ಫ್ಯಾನನ್ನು ಇವರ ಕಡೆ ತಿರುಗಿಸಿದರು. ಗುಮಾಸ್ತರ ಮೇಜಿನ ಮೇಲಿದ್ದ ಜನರ ದೂರಿನ ಕಾಗದಗಳೆಲ್ಲ ಆ ಗಾಳಿಗೆ ಹಾರಿಹೋದವು. ಆಯಲು ಯಾರಿಗೂ ಮನಸ್ಸಾಗಲಿಲ್ಲ.

ಹೀಗೆ ಮೂರು ವಾರ ಗುಮಾಸ್ತರು ರಸ್ತೆಯ ರಾಜರಾಗಿ ಮೆರೆದರು. ನಾಲ್ಕನೆಯ ವಾರದ ಮೊದಲ ದಿನ ಬೆಳಗ್ಗೆ, ಬೇಕರಿಯ ಮುಂದೆ, ಅವರ ಕಣ್ಣೆದುರಿಗೇ ಧಡಾರೆಂದು ಶಬ್ದವಾಯಿತು. ಬೇಕರಿಯ ವ್ಯಾನಿಗೂ ಸೂಪರಿಂಟೆಂಡೆಂಟರ ಕಾರಿಗೂ ಡಿಕ್ಕಿ.

ವ್ಯಾನು ಓಡಿಸುತ್ತಿದ್ದವಳು ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಕ್ಯಾಮೆರಾ ಬರುವುದಕ್ಕೆ ಮೊದಲೂ ಸೈಕಲ್ಲಿಗೆ ದಾರಿ ಬಿಡುತ್ತಿದ್ದ ವಾಹನ ಇಡೀ ರಸ್ತೆಯಲ್ಲಿ ಅವಳದೊಂದೇ. ಅವಳು ಇಳಿದು ಬರುವಷ್ಟರಲ್ಲಿ ಜನ ಸೇರಿ ತೀರ್ಪು ಕೊಟ್ಟಾಗಿತ್ತು. "ಹೆಂಗಸ್ರ ಕೈಗೆ ಸ್ಟಿಯರಿಂಗ್ ಕೊಟ್ರೆ ಇನ್ನೇನಾಗುತ್ತೆ!" ಬೇಕರಿಯ ಯಜಮಾನ, ತಪ್ಪು ಇವಳದೇ ಆದರೆ ನಾಳೆಯಿಂದ ಬರಬೇಡ ಎಂದ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಜೀಪಿನಿಂದ ಇಳಿದರು.

"ನಾನು ಹೇಳೋದು ಇಷ್ಟೆ," ಎಂದರು ಸೂಪರಿಂಟೆಂಡೆಂಟರು. "ನಾನು ಸುಮ್ನೆ ನಿಂತಿದ್ದೆ, ಈಕೆ ಬಂದು ಗುದ್ದಿದಳು. ಬೇಕಾದ್ರೆ ನಮ್ಮ ಗುಮಾಸ್ತರನ್ನೇ ಕೇಳಿ, ಹಿಂದೇನೇ ಇದ್ರು. ಅಲ್ವೇನ್ರೀ?"

ಈ ಸಲ ಪಟ್ಟಿ ಸಡಿಲವಾಗಿಯೇ ಇತ್ತು. ಆದರೂ ಹದಿನೆಂಟು ವರ್ಷದ ಅಭ್ಯಾಸ ನಾಲಿಗೆಗಿಂತ ಮೊದಲು ಎದ್ದಿತು.

"ಹೂಂ," ಎಂದರು ಗುಮಾಸ್ತರು.

ಹೆಂಗಸು ಅವರನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಬರೀ ನೋಡಿದಳು.

ಇನ್‌ಸ್ಪೆಕ್ಟರು ಹೆಲ್ಮೆಟ್ಟಿನತ್ತ ಬೆರಳು ತೋರಿಸಿದರು. "ಹೂಂ ಯಾಕೆ, ಕ್ಯಾಮೆರಾನೇ ಇದೆಯಲ್ಲ. ನಾಳೆ ಹತ್ತಕ್ಕೆ ಸ್ಟೇಷನ್ನಿಗೆ ತನ್ನಿ. ಎಲ್ಲರೂ ಕೂತು ನೋಡೋಣ."

ಮಧ್ಯಾಹ್ನ ಸೂಪರಿಂಟೆಂಡೆಂಟರು ಗುಮಾಸ್ತರ ಮೇಜಿನ ಬಳಿಗೆ ತಾವೇ ಬಂದರು. "ನಾನು ಹೇಳೋದು ಇಷ್ಟೆ. ಸರ್ಕಾರಿ ಮೆಷಿನ್ ಅಂದ ಮೇಲೆ ಒಂದೊಂದು ದಿನ ಕೆಟ್ಟುಹೋಗೋದು ಸಹಜ. ಕೆಟ್ಟಿತ್ತು ಅಂದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ."

ಸಂಜೆ ಮನೆಯಲ್ಲಿ ಕ್ಯಾಮೆರಾವನ್ನು ಟಿವಿಗೆ ಜೋಡಿಸಿ ಗಂಡ ಹೆಂಡತಿ ಇಬ್ಬರೇ ನೋಡಿದರು. ಎಲ್ಲ ಕನ್ನಡಿಯಷ್ಟು ಸ್ಪಷ್ಟವಾಗಿ ಬಂದಿತ್ತು. ಸಮಸ್ಯೆ ಎಂದರೆ, ಮಾತೂ ಅಷ್ಟೇ ಸ್ಪಷ್ಟವಾಗಿ ಬಂದಿತ್ತು. ಗುಮಾಸ್ತರು ತಲೆಯ ಮೇಲೆ ಕೈಹೊತ್ತು ಕುಳಿತರು.

"ಇದನ್ನ ತೋರಿಸಿದ್ರೆ ಸಾಹೇಬ್ರು ನನ್ನ ಬಿಡ್ತಾರೇನೇ? ಸರ್ಕಾರದ ನೇಮಕ ಅಂತ ತಿಳಿದಿರೋರೆಲ್ಲ ಮುಖಕ್ಕೇ ಉಗೀತಾರೆ. ಮಾತು ತೆಗೆಯೋಕೆ ಆಗಲ್ವಾ?"

"ತೆಗೆದ್ರೆ ತಿದ್ದಿದ್ದೀರಿ ಅಂತಾರೆ. ಆಮೇಲೆ ಉಳಿದದ್ದನ್ನೂ ಯಾರೂ ನಂಬಲ್ಲ," ಎಂದಳು ಹೆಂಡತಿ. ಟಿವಿ ಆರಿಸಿ ಅಂದಳು, "ರೀ, ಆ ಹೆಂಗಸಿಗೆ ಸಾಕ್ಷಿ ಅಂತ ಇರೋದು ನೀವೊಬ್ರೇ."

ಮರುದಿನ ಹತ್ತು ಗಂಟೆಗೆ ಸ್ಟೇಷನ್ನಿನಲ್ಲಿ ಕುರ್ಚಿ ಸಾಲಲಿಲ್ಲ. ಸೂಪರಿಂಟೆಂಡೆಂಟರು, ಬೇಕರಿಯ ಯಜಮಾನ, ವ್ಯಾನಿನ ಹೆಂಗಸು, ಚೌಕದ ಪೇದೆ, ಬೀದಿಯ ಪ್ರತಿನಿಧಿಯಾಗಿ ಹೆಡ್‌ಮಾಸ್ತರು. ಅತ್ತೆ ಮೊದಲ ಸಾಲಿನಲ್ಲಿ. ಸರ್ಕಾರಿ ಕೆಲಸದಲ್ಲಿ ಅಳಿಯನನ್ನು ನೋಡುವ ಅವಕಾಶ ಮತ್ತೆ ಸಿಗುತ್ತದೋ ಇಲ್ಲವೋ ಎಂದು ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಇನ್‌ಸ್ಪೆಕ್ಟರು ಕಂಪ್ಯೂಟರಿನ ಪರದೆಯನ್ನು ಎಲ್ಲರ ಕಡೆ ತಿರುಗಿಸಿದರು.

ಪರದೆಯ ಮೇಲೆ ಬೀದಿ ಓಡತೊಡಗಿತು. ಜೊತೆಗೆ ಗುಮಾಸ್ತರ ಗಂಭೀರ ಧ್ವನಿ.

"ನಮಸ್ಕಾರ ವೀಕ್ಷಕರೇ. ಎಡಕ್ಕೆ ನೋಡಿ, ನಮ್ಮ ಹೆಡ್‌ಮಾಸ್ತರು. ಈಗೀಗ ಇವರಿಗೆ ಬೆಳಗ್ಗೆ ಎದ್ದಕೂಡಲೇ ಹೊಟ್ಟೆ ಬರುತ್ತೆ. ಪಕ್ಕದ ಬೀದಿ ಮೂಲೆ ದಾಟಿದ ಮೇಲೆ ಕರಗಿಹೋಗುತ್ತೆ. ಅಂಗಿಯೊಳಗಿನ ಚೀಲವನ್ನು ಗಮನಿಸಿ."

ಹೆಡ್‌ಮಾಸ್ತರು ಸೂರಿನಲ್ಲಿ ಏನನ್ನೋ ಹುಡುಕತೊಡಗಿದರು.

"ಇದು ಚೌಕ. ಪೇದೆಯವರ ಬಾಯಲ್ಲಿ ಸೀಟಿ, ಟೋಪಿಯಲ್ಲಿ ಫೋನು. ಇವರ ತಲೆಗೆ ಕರೆ ಬಂದರೆ ಟೋಪಿ ನಡುಗುತ್ತೆ."

ಇನ್‌ಸ್ಪೆಕ್ಟರು ಪೇದೆಯತ್ತ ತಿರುಗಿದರು. ಪೇದೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಅದು ಆಗಲೇ ಗುಂಯ್ ಎಂದಿತು.

"ಈಗ ಎದುರಿಗೆ ಕಾಣುತ್ತಿರುವುದು ನಮ್ಮ ಸೂಪರಿಂಟೆಂಡೆಂಟರ ಕಾರು," ಎಂದಿತು ಪರದೆ. ಆಮೇಲೆ ಧ್ವನಿ ದಪ್ಪಗಾಗಿ, ಮೂಗಿನಿಂದ ಹೊರಟಿತು. "ನಾನು ಹೇಳೋದು ಇಷ್ಟೆ..."

"ನಾನು ಹೇಳೋದು ಇಷ್ಟೆ!" ಎಂದು ಸೂಪರಿಂಟೆಂಡೆಂಟರು ಅದೇ ಕ್ಷಣ ಎದ್ದು ನಿಂತರು.

ಇನ್‌ಸ್ಪೆಕ್ಟರು ತಬ್ಬಿಬ್ಬಾದರು. "ಈಗ ಮಾತಾಡಿದ್ದು ಯಾರು? ಕಂಪ್ಯೂಟರಾ, ಇವರಾ?"

"ಕಂಪ್ಯೂಟರಿನದೇ ಸ್ವಲ್ಪ ಚೆನ್ನಾಗಿದೆ," ಎಂದರು ಅತ್ತೆ.

"...ಕೆಲಸ ನಿಮ್ಮದು, ಹೆಸರು ನನ್ನದು, ತಪ್ಪಾದ್ರೆ ತಪ್ಪು ಮತ್ತೆ ನಿಮ್ಮದು," ಎಂದು ಪರದೆ ಮುಂದುವರಿಸಿತು. ಆಮೇಲೆ ಗುಮಾಸ್ತರ ಸ್ವಂತ ಧ್ವನಿ, ಯಾರೂ ಕೇಳಿರದಷ್ಟು ಜೋರಾಗಿ: "ಸಾಧ್ಯವಿಲ್ಲ ಸಾರ್! ತಪ್ಪು ಯಾರದೋ ಅವರೇ ಹೊರಬೇಕು!" ಟ್ರಿಣ್ ಟ್ರಿಣ್ ಎಂದು ಬೆಲ್ಲು.

ಬೆಲ್ಲು ನಿಲ್ಲುವ ಮೊದಲೇ ಪರದೆಯ ಮೇಲಿನ ಕಾರು ಹಿಂದಕ್ಕೆ ಚಲಿಸಿತು. ಓಡಿಸುವವರ ಕಿವಿಯಲ್ಲಿ ಫೋನು, ತಲೆ ಆ ಕಡೆ. ಬೇಕರಿಯ ವ್ಯಾನು ತನ್ನ ಜಾಗದಲ್ಲಿ, ಹಿಂಬಾಗಿಲು ತೆರೆದುಕೊಂಡು, ಅಲ್ಲಾಡದೆ ನಿಂತಿತ್ತು. ಧಡಾರ್.

ವ್ಯಾನಿನ ಹೆಂಗಸು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು. ಬೇಕರಿಯ ಯಜಮಾನ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ.

ಮೊದಲು ಸಾವರಿಸಿಕೊಂಡವರು ಸೂಪರಿಂಟೆಂಡೆಂಟರೇ. "ಇದು ಸರ್ಕಾರದ ಗುಪ್ತ ಕ್ಯಾಮೆರಾ! ಮೇಲಿನವರ ಅಪ್ಪಣೆ ಇಲ್ಲದೆ ಇಲ್ಲಿ ತೋರಿಸೋ ಹಾಗೇ ಇಲ್ಲ. ಇದನ್ನ ಲೆಕ್ಕಕ್ಕೆ ತಗೋಬೇಡಿ!"

ಇನ್‌ಸ್ಪೆಕ್ಟರು ಗುಮಾಸ್ತರನ್ನು ನೋಡಿದರು. ಎಲ್ಲರೂ ನೋಡಿದರು. ಹೂಂ ಎಂದುಬಿಟ್ಟರೆ ಎಲ್ಲ ಉಳಿಯುತ್ತಿತ್ತು. ಫ್ಯಾನು ಉಳಿಯುತ್ತಿತ್ತು, ಸೆಲ್ಯೂಟು ಉಳಿಯುತ್ತಿತ್ತು, ಅತ್ತೆಯ ಮರ್ಯಾದೆಯೂ ಉಳಿಯುತ್ತಿತ್ತು.

"ಅಲ್ಲ ಸಾರ್," ಎಂದರು ಗುಮಾಸ್ತರು. ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು ಎದ್ದು ನಿಂತರು. "ಸರ್ಕಾರದ್ದಲ್ಲ. ನನ್ನದು. ಅಂಗಡೀಲಿ ಕೊಂಡದ್ದು, ಅಗ್ಗದ್ದು. ನನ್ನನ್ನ ಯಾರೂ ನೇಮಿಸಿಲ್ಲ. ಕಾರಿನ ಬಾಗಿಲು ತಗುಲಿ ಬಿದ್ದಿದ್ದೆ, ನನ್ನ ಮಾತು ಯಾರೂ ನಂಬಲ್ಲ ಅಂತ ಇದನ್ನ ತಂದೆ. ನಿನ್ನೆ ಹೂಂ ಅಂದದ್ದು ತಪ್ಪು. ಈಕೆ ವ್ಯಾನು ನಿಂತೇ ಇತ್ತು. ನಾನು ಕಣ್ಣಾರೆ ನೋಡಿದೀನಿ. ಕ್ಯಾಮೆರಾ ಇಲ್ಲದಿದ್ರೂ ನೋಡಿದ್ದೆ."

"ಸರ್ಕಾರದ್ದಲ್ವಾ?" ಎಂದರು ಹೆಡ್‌ಮಾಸ್ತರು, ಮೋಸಹೋದವರ ದನಿಯಲ್ಲಿ. "ಮೂರು ವಾರ ಕಸ ಹೊಟ್ಟೆಗೆ ಕಟ್ಕೊಂಡು ಓಡಾಡಿದ್ನಲ್ರೀ!"

ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ಕೆಮ್ಮಿನಂತೆ ಮಾಡಿ, ಮುಖ ಒರೆಸಿಕೊಂಡು, ಹೇಳಿಕೆ ಬರೆಸಿಕೊಂಡರು. ವ್ಯಾನಿನ ಹೆಂಗಸಿನ ಮೇಲೆ ಏನೂ ತಪ್ಪಿಲ್ಲ ಎಂದು ಬರೆದು, ಅವಳ ಯಜಮಾನನಿಗೇ ಗಟ್ಟಿಯಾಗಿ ಓದಿಸಿದರು. ಅವಳು ಹೊರಡುವಾಗ ಗುಮಾಸ್ತರ ಮುಂದೆ ನಿಂತಳು. ಅವರ ಹೆಲ್ಮೆಟ್ಟನ್ನು ಬೆಂಚಿನ ಮೇಲಿಂದ ಎತ್ತಿ, ಧೂಳು ಕೊಡವಿ ಕೈಗಿತ್ತು ಹೋದಳು.

ದಾರಿಯಲ್ಲಿ ಅತ್ತೆ ಸೆರಗು ಬಿಗಿದುಕೊಂಡು ಮುಂದೆ ಮುಂದೆ ನಡೆದರು. ಗುಮಾಸ್ತರು ಹೆದರಿ ಸೈಕಲ್ ತಳ್ಳುತ್ತಿದ್ದರು.

"ಸರ್ಕಾರ ಹೇಳಿ ಮಾಡಿಸಿದ್ರೆ ಯಾರು ಬೇಕಾದ್ರೂ ಮಾಡ್ತಾರೆ ಬಿಡಿ," ಎಂದರು ಅತ್ತೆ ಕೊನೆಗೆ. ಬೀದಿಗೆ ಬಂದ ಮೇಲೆ ಎದುರು ಸಿಕ್ಕ ಪ್ರತಿಯೊಬ್ಬರನ್ನೂ ನಿಲ್ಲಿಸಿ, "ನಮ್ಮ ಅಳಿಯಂದ್ರನ್ನ ಯಾರೂ ನೇಮಿಸಿಲ್ಲ, ತಿಳ್ಕೊಳ್ಳಿ!" ಎಂದು ಎದೆ ತಟ್ಟಿ ಹೇಳಿದರು. ನೇಮಕವಾಗಿದ್ದಾಗ ಕೂಡ ಅವರು ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ.

ಮೂರನೆಯ ದಿನ ಆಫೀಸಿನಲ್ಲಿ ಗುಮಾಸ್ತರಿಗೆ ಮೆಮೊ ಬಂತು. 'ಮೇಲಧಿಕಾರಿಯ ಧ್ವನಿಯನ್ನು ಸಾರ್ವಜನಿಕ ರಸ್ತೆಯಲ್ಲಿ ಅನುಕರಿಸಿದ್ದೇಕೆ ಎಂಬುದಕ್ಕೆ ಈ ಕೂಡಲೇ ಲಿಖಿತ ವಿವರಣೆ ನೀಡತಕ್ಕದ್ದು.' ಹಿಂದೆಲ್ಲ ಇಂಥ ಕಾಗದ ಬಂದರೆ ಗುಮಾಸ್ತರು ಮೂರು ಪುಟ ಕ್ಷಮೆ ಬರೆಯುತ್ತಿದ್ದರು, ನಾಲ್ಕನೆಯ ಪುಟದಲ್ಲಿ ಕೈಬರಹಕ್ಕೂ ಕ್ಷಮೆ ಕೇಳುತ್ತಿದ್ದರು. ಈ ಸಲ ಪೆನ್ನಿನ ಮುಚ್ಚಳ ತೆಗೆದು, ನಾಲ್ಕೇ ಸಾಲು ಬರೆದರು.

'ಮಾನ್ಯರೇ, ಅನುಕರಿಸಿದ್ದು ನಿಜ. ಅನುಕರಣೆ ಸರಿಯಾಗಿತ್ತೆಂದು ಸ್ಟೇಷನ್ನಿನಲ್ಲಿದ್ದವರೆಲ್ಲ ಒಪ್ಪಿರುತ್ತಾರೆ. ಹೆಚ್ಚಿನ ಪರಿಶೀಲನೆ ಅಗತ್ಯವಿದ್ದಲ್ಲಿ, ಸದರಿ ವಿಡಿಯೋವನ್ನು ಪೂರ್ತಿಯಾಗಿ ಈ ಕಡತಕ್ಕೆ ಲಗತ್ತಿಸಿ ಮೇಲಿನ ಕಚೇರಿಗೆ ಕಳುಹಿಸಲು ಸಿದ್ಧನಿದ್ದೇನೆ.'

ಸೂಪರಿಂಟೆಂಡೆಂಟರು ಅದನ್ನು ಎರಡು ಸಲ ಓದಿದರು. ನಾನು ಹೇಳೋದು ಎಂದು ಬಾಯಿ ತೆರೆದವರು ಅರ್ಧಕ್ಕೇ ಮುಚ್ಚಿಕೊಂಡರು. ಊಟದ ಹೊತ್ತಿಗೆ ಮೆಮೊ ವಾಪಸಾಯಿತು. ಉತ್ತರದ ನಕಲನ್ನು ಗುಮಾಸ್ತರು ಮಡಿಸದೆ, ಸುಕ್ಕಾಗದಂತೆ ಎರಡು ರಟ್ಟಿನ ನಡುವೆ ಇಟ್ಟು ಮನೆಗೆ ತಂದರು.

ಹೆಂಡತಿ ಒದ್ದೆ ಕೈ ಒರೆಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಓದಿದಳು. ಕೊನೆಯ ಸಾಲಿಗೆ ಬಂದು ನಿಂತಳು. ಅಲ್ಲಿ ಕಾಗದದ ಕಾಲು ಭಾಗವನ್ನು ಒಂದೇ ಸಹಿ ಆವರಿಸಿಕೊಂಡಿತ್ತು.

"ಏನ್ರೀ ಇದು? ನಿಮ್ಮ ಸಹಿ ಇಷ್ಟು ದೊಡ್ಡದಾ?"

ಗುಮಾಸ್ತರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು.

"ಹೌದು ಕಣೇ," ಎಂದರು. "ಇವತ್ತಿನಿಂದ."